ಹದಿನೇಳನೇ ಪುಟದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಸಾವಿರಾರು ಕಥೆ ಗೊತ್ತು, ಒಂದೂ ಪೂರ್ತಿಯಾಗಿ ಗೊತ್ತಿಲ್ಲ. ಇದು ನಾನು ಅವಳ ಮೇಲೆ ಹೇಳುತ್ತಿರುವ ಚಾಡಿಯಲ್ಲ. ಮೂವತ್ತು ವರ್ಷ ಅವಳೇ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ ಮಾತು.

ಅವಳ ಕಸುಬು ಪುಸ್ತಕ ಕಟ್ಟುವುದು. ಹೈಸ್ಕೂಲಿನ ಎದುರು ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಕೋಣೆಯಲ್ಲಿ ತಿರುಪಿನ ಒತ್ತುಯಂತ್ರ ಒಂದು, ರಟ್ಟು ಕತ್ತರಿಸುವ ಹಲಗೆ ಒಂದು, ದಬ್ಬಣ ಚುಚ್ಚಿಟ್ಟ ಮೇಣದ ಉಂಡೆ ಒಂದು, ಹಿಟ್ಟಿನ ಅಂಟು ಕಾಯಿಸುವ ಸ್ಟೌ ಒಂದು. ಉಳಿದ ಜಾಗವೆಲ್ಲ ಚಿಕ್ಕಮ್ಮ. ಬಾಗಿಲ ಮೇಲೆ 'ಇಲ್ಲಿ ಬೈಂಡಿಂಗ್ ಮಾಡಲಾಗುತ್ತದೆ' ಎಂದು ಬರೆಸಿದ್ದಳು. ಬಿಸಿಲಿಗೆ ಬಣ್ಣ ಉದುರಿ 'ಇಲ್ಲಿ ಬೈ' ಎನ್ನುವಷ್ಟು ಮಾತ್ರ ಉಳಿದಿತ್ತು. ಮತ್ತೆ ಬರೆಸಬೇಕು ಎಂದು ಅವಳು ಅಂದಾಗಲೆಲ್ಲ ಸೈಕಲ್ ಅಂಗಡಿಯವರು, "ಬೇಡಮ್ಮ, ಇರೋ ವಿಷಯಾನೇ ಇದೆ" ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಓರೆಯಾಗಿ ಮಡಿಸಿದ ಕಾಗದ ಕಂಡರೆ ಅವಳು ಬೈಯದೆ ಬಿಟ್ಟ ದಿನವಿಲ್ಲ.

ಅವಳ ಅರೆಬರೆ ಕಥೆಗಳ ಗುಟ್ಟು ಅವಳ ಕೆಲಸದಲ್ಲೇ ಇತ್ತು. ಪುಸ್ತಕ ಅಚ್ಚಾಗುವುದು ದೊಡ್ಡ ದೊಡ್ಡ ಹಾಳೆಗಳಲ್ಲಿ. ಒಂದು ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ. ಅದಕ್ಕೆ ಕಸುಬಿನವರು ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಕೆಳಗೊಂದು ಜೋಡಿಸಿ ಬೆನ್ನಿಗೆ ಹೊಲಿಗೆ ಹಾಕಿದರೆ ಪುಸ್ತಕ. ಸರದಿ ತಪ್ಪಬಾರದಲ್ಲ, ಅದಕ್ಕೆ ಚಿಕ್ಕಮ್ಮ ಪ್ರತಿ ಫಾರಮಿನ ಮೇಲ್ಪುಟ ನೋಡುತ್ತಿದ್ದಳು: ಒಂದು, ಹದಿನೇಳು, ಮೂವತ್ತಮೂರು, ನಲವತ್ತೊಂಬತ್ತು. ಬರೀ ಪುಟಸಂಖ್ಯೆ ನೋಡಿದರೆ ಅವಳಿಗೆ ಸಮಾಧಾನವಿಲ್ಲ, ಮೇಲಿನ ಎರಡು ಸಾಲನ್ನೂ ಓದಬೇಕು. ಮೂರನೇ ಸಾಲಿಗೆ ಮಾತ್ರ ಕಣ್ಣು ಹೋಗುವಂತಿಲ್ಲ. ಅವಳಿಗೆ ಕೆಲಸ ಕಲಿಸಿದ ಮುದುಕರು, "ಓದೋಕೆ ಕೂತ ಬೈಂಡರ್‌ನ ಅಂಟು ಒಣಗುತ್ತೆ" ಎಂದಿದ್ದರಂತೆ. ಅದನ್ನು ಅವಳು ವೇದವಾಕ್ಯ ಮಾಡಿಕೊಂಡಿದ್ದಳು.

ಹಾಗಾಗಿ ಅವಳು ಹೇಳುವ ಕಥೆಗಳು ಹೀಗಿರುತ್ತಿದ್ದವು: "ಹದಿನೇಳರಲ್ಲಿ ಮಾವ ಕೋಣೆ ಬಾಗಿಲು ಹಾಕ್ಕೊಂಡ. ಮೂವತ್ತಮೂರರಲ್ಲಿ ಅವನನ್ನ ಬಾವಿಯಿಂದ ಎತ್ತುತಾ ಇದ್ದಾರೆ. ನಲವತ್ತೊಂಬತ್ತರಲ್ಲಿ ನೋಡಿದ್ರೆ ಕನ್ನಡಿ ಮುಂದೆ ನಿಂತು ಮೀಸೆಗೆ ಬಣ್ಣ ಹಚ್ಚುತಾ ಇದ್ದಾನೆ! ನಡುವೆ ಏನಾಯ್ತೋ ಆ ದೇವರಿಗೇ ಗೊತ್ತು."

ನನಗಾಗ ಹದಿನಾಲ್ಕು. ಶಾಲೆ ಬಿಟ್ಟ ಮೇಲೆ ಅಮ್ಮ ಬಟ್ಟೆ ಕಾರ್ಖಾನೆಯಿಂದ ಬರುವವರೆಗೆ ಚಿಕ್ಕಮ್ಮನ ಅಂಗಡಿಯಲ್ಲಿ ಕೂರಬೇಕಿತ್ತು. ಪುಸ್ತಕದ ರಾಶಿಯ ಮೇಲೆ ಕೂತು ಮೊಬೈಲ್ ಉಜ್ಜುತ್ತಿದ್ದೆ. ಪಠ್ಯ ಬಿಟ್ಟು ಒಂದೇ ಒಂದು ಪುಸ್ತಕ ಓದಿದವಳಲ್ಲ. ಯಾರಾದರೂ ಕೇಳಿದರೆ "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂಬ ಗಾದೆಯನ್ನು ಮುಖಕ್ಕೆ ಎಸೆಯುತ್ತಿದ್ದೆ. ಆ ಒಕ್ಕಾಲಾದರೂ ಓದಬೇಕು ಎಂಬುದು ಗಾದೆಯಲ್ಲೇ ಇದೆ ಎಂದು ಹೊಳೆಯುವಷ್ಟು ಬುದ್ಧಿಯೂ ನನಗಿರಲಿಲ್ಲ.

ಒಂದು ದಿನ ಚಿಕ್ಕಮ್ಮ ಹಾಜರಿ ಪುಸ್ತಕಗಳನ್ನು ಕಟ್ಟಿ ಶಾಲೆಗೆ ಕೊಡಲು ಹೋದಳು, ಹೊರಲು ನಾನು ಜೊತೆಗೆ. ಹೆಡ್ಮಾಸ್ಟರ ಕೋಣೆಯ ಮೂಲೆಯಲ್ಲಿ ಮರದ ಬೀರು ಬಾಯಿ ತೆರೆದುಕೊಂಡು ನಿಂತಿತ್ತು. ಒಳಗೆ ಶಾಲೆಯ ಲೈಬ್ರರಿ ಎನ್ನಿಸಿಕೊಂಡ ನೂರ ನಲವತ್ತು ಪುಸ್ತಕ. ರಟ್ಟು ಕಿತ್ತವು, ಬೆನ್ನು ಮುರಿದವು, ಹೊಲಿಗೆ ಬಿಟ್ಟು ಜೋತಾಡುತ್ತಿದ್ದವು.

"ರದ್ದಿಯವರಿಗೆ ಹೇಳಿದ್ದೀನಿ, ತಗೊಂಡು ಹೋಗ್ತಾರೆ," ಎಂದರು ಹೆಡ್ಮಾಸ್ಟರು. "ಈಗಿನ ಮಕ್ಕಳು ಮೊಬೈಲ್ ಬಿಟ್ಟು ತಲೆ ಎತ್ತಲ್ಲಮ್ಮ."

"ತಲೆ ಯಾಕೆ ಎತ್ತಬೇಕು ಸಾರ್? ಪುಸ್ತಕ ಓದೋಕೂ ತಲೆ ಬಗ್ಗಿಸಲೇಬೇಕು. ಅರ್ಧ ಅಭ್ಯಾಸ ಆಗೇ ಇದೆ," ಎಂದಳು ಚಿಕ್ಕಮ್ಮ. "ನನಗೆ ಕೊಡಿ. ಕೂಲಿ ಬೇಡ, ಕಟ್ಟಿಕೊಡ್ತೀನಿ. ಇವಳು ರಿಜಿಸ್ಟರ್ ಇಟ್ಕೊಂಡು ಮಕ್ಕಳಿಗೆ ಕೊಡ್ತಾಳೆ."

ಇವಳು ಎಂದರೆ ನಾನು! ಕೇಳಲಿಲ್ಲ, ಹೇಳಲಿಲ್ಲ, ಓದದವಳನ್ನೇ ಲೈಬ್ರರಿಗೆ ಯಜಮಾನಿ ಮಾಡಿಬಿಟ್ಟಳು. ಹೆಡ್ಮಾಸ್ಟರು ಕೆಟ್ಟವರಲ್ಲ, ಆದರೆ ಯಾವ ಮಾತನ್ನೂ ಪಂದ್ಯದ ಹಾಗೆ ಆಡುವ ಚಟ. ಬೆರಳೆತ್ತಿ ಹೇಳಿದರು: "ವಾರ್ಷಿಕ ಪರೀಕ್ಷೆ ಮುಗಿದ ದಿನ ರದ್ದಿಯವರು ಬರ್ತಾರೆ. ಅವತ್ತು ಮಕ್ಕಳ ಕೈಲಿರೋದು ಮಕ್ಕಳಿಗೆ, ಬೀರುವಿನಲ್ಲಿರೋದು ತಕ್ಕಡಿಗೆ. ಒಪ್ಪಿಗೇನಾ?"

ಚಿಕ್ಕಮ್ಮ ಒಪ್ಪಿದಳು. ಹೊರಗೆ ಬಂದ ಮೇಲೆ ನಾನು, "ನಿನಗ್ಯಾಕೆ ಇಲ್ಲದ ಉಸಾಬರಿ?" ಎಂದು ರೇಗಿದೆ. ಅವಳು ಬೈಯಲಿಲ್ಲ. "ಪುಸ್ತಕ ತಕ್ಕಡಿ ಮೇಲೆ ಕೂರೋದನ್ನ ನೋಡೋಕಾಗಲ್ಲ ಕಣೇ," ಎಂದಳು.

ದಿನಕ್ಕೆ ಎರಡು ಮೂರರಂತೆ ಕಟ್ಟಿ ಕಳಿಸುತ್ತಾ ಬಂದಳು. ಕೆಂಪು, ಹಸಿರು, ನೀಲಿ ರೆಕ್ಸಿನ್ ಹೊದ್ದು ಪುಸ್ತಕಗಳು ಹೊಸ ಅಂಗಿ ತೊಟ್ಟ ಮಕ್ಕಳಂತೆ ಬೀರುವಿನಲ್ಲಿ ಸಾಲಾಗಿ ನಿಂತವು. ನಿಂತೇ ಇದ್ದವು. ಮೊದಲ ತಿಂಗಳು ನನ್ನ ರಿಜಿಸ್ಟರಿನಲ್ಲಿ ಮೂರೇ ಹೆಸರು. ಅದರಲ್ಲೂ ಒಬ್ಬ ತೆಗೆದುಕೊಂಡು ಹೋದದ್ದು ಅವನ ಮನೆಯ ಮಂಚದ ಕಾಲು ಕುಂಟುತ್ತಿತ್ತು ಎಂಬ ಕಾರಣಕ್ಕೆ.

ಆಗ ಚಿಕ್ಕಮ್ಮ ಮೊದಲು ಹಿಡಿದದ್ದು ನನ್ನನ್ನೇ. ಒಂದು ಸಂಜೆ ಕಡ್ಡಿ ಮುರಿದಂತೆ ಹೇಳಿದಳು: "ಮೊಬೈಲ್ ಆ ಕಡೆ ಇಡು. ನನಗೊಂದು ಉಪಕಾರ ಆಗಬೇಕು. ಇಲ್ಲಿ ನೋಡು, ಹದಿನೇಳರಲ್ಲಿ ಇವಳು ಸೊಂಟದುದ್ದ ಕೂದಲು ಬಾಚ್ಕೋತಾ ಇದ್ದಾಳೆ. ಮೂವತ್ತಮೂರರಲ್ಲಿ ಬೋಳುತಲೆ! ಸವರಿಕೊಂಡು ನಗ್ತಾ ಬೇರೆ ಇದ್ದಾಳೆ. ಅತ್ತಿದ್ರೆ ಅರ್ಥ ಇತ್ತು, ನಗೋದ್ಯಾಕೆ? ಮೂರು ದಿನದಿಂದ ನನಗೆ ಊಟ ಸೇರ್ತಾ ಇಲ್ಲ. ಹದಿನಾರೇ ಪುಟ, ಓದಿ ಹೇಳು, ಪುಣ್ಯ ಕಟ್ಕೋ."

"ನೀನೇ ಓದ್ಕೋ."

"ನನ್ನ ಕೈ ನೋಡು!" ಎಂದು ಮೊಣಕೈವರೆಗೆ ಅಂಟು ಮೆತ್ತಿದ ಕೈ ಮುಂದೆ ಚಾಚಿದಳು.

ಹಾಳಾಗಿ ಹೋಗಲಿ ಎಂದು ಓದಿದೆ. ಮೊದಲ ನಾಲ್ಕು ಪುಟಕ್ಕೆ ಅರ್ಧ ಗಂಟೆ. ಆಮೇಲೆ ಗಡಿಯಾರ ನೋಡಿದ ನೆನಪಿಲ್ಲ. ಆ ಹೆಂಗಸು ನಾಟಕದ ಕಂಪನಿಯವಳು. ಸನ್ಯಾಸಿಯ ಪಾತ್ರ ಹೆಂಗಸಿಗೆ ಕೊಡುವುದಿಲ್ಲ ಎಂದ ಯಜಮಾನನ ಹತ್ತಿರವೇ, ತಲೆ ಬೋಳಿಸಿಕೊಂಡು ಗಂಡಸಿನ ವೇಷದಲ್ಲಿ ಹೋಗಿ ಪಾತ್ರ ಗಿಟ್ಟಿಸಿದ್ದಳು! ಮೂವತ್ತಮೂರಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಓದುತ್ತಾ ಹೋದೆ, ಓದಿದ್ದನ್ನು ಹೇಳುತ್ತಾ ಹೋದೆ. ಚಿಕ್ಕಮ್ಮ ಕಿವಿ ನಿಮಿರಿಸಿಕೊಂಡು, "ಆಮೇಲೆ? ಆಮೇಲೆ?" ಎನ್ನುತ್ತಾ ಫಾರಂ ಜೋಡಿಸುತ್ತಿದ್ದಳು. ಅಮ್ಮ ಬಂದು ಬಾಗಿಲಲ್ಲಿ ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅಷ್ಟು ಖುಷಿಯಾದ ಸಂಜೆ ನನ್ನ ಬಾಳಿನಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ಸಂಜೆ ಚಿಕ್ಕಮ್ಮನ ಮಡಿಲಲ್ಲಿದ್ದದ್ದು ಎರಡು ಕಾದಂಬರಿಗಳ ಫಾರಂಗಳು. ಒಂದೇ ಅಚ್ಚುಕೂಟದವು, ಒಂದೇ ಅಳತೆ, ಒಂದೇ ಅಕ್ಷರ. ಒಂದು ಸಂಸಾರದ ಕಥೆ, ಇನ್ನೊಂದು ಕಳ್ಳನ ಕಥೆ.

ಈ ಉಪಾಯ ಫಲ ಕೊಟ್ಟದ್ದು ನೋಡಿ ಚಿಕ್ಕಮ್ಮ ಬಲೆ ಅಗಲಿಸಿದಳು. ಪ್ರಾಜೆಕ್ಟ್ ಪುಸ್ತಕ ಕಟ್ಟಿಸಲು ಬಂದ ಮಕ್ಕಳನ್ನೆಲ್ಲ ಹಿಡಿದು, "ಹದಿನೇಳನೇ ಪುಟದಲ್ಲಿ ಏನಾಗಿದೆ ಗೊತ್ತಾ?" ಎಂದು ಶುರುಮಾಡುವಳು. ಮಕ್ಕಳು ಅವಳಿಗೆ 'ಹದಿನೇಳನೇ ಪುಟದ ಚಿಕ್ಕಮ್ಮ' ಎಂದು ಹೆಸರಿಟ್ಟರು. ನಕ್ಕರು, ಕೇಳಿದರು, ಏಳೆಂಟು ಜನ ಪುಸ್ತಕವನ್ನೂ ಒಯ್ದರು. ಅವರಲ್ಲಿ ಇಬ್ಬರು ನನ್ನ ತರಗತಿಯವರು. ಒಬ್ಬಳ ಬಾಯಿ ನಿಂತದ್ದು ಯಾರೂ ಕಂಡಿರಲಿಲ್ಲ, ಅದಕ್ಕೆ ಅವಳು ರೇಡಿಯೋ. ಇನ್ನೊಬ್ಬ ಶಾಲೆಯ ತಂಡದ ಗೋಲ್‌ಕೀಪರ್, ಎಲ್ಲರ ಬಾಯಲ್ಲಿ ಗೋಲಿ. ಅವಳು ಸಂಸಾರದ ಕಥೆ ಒಯ್ದಳು, ಅವನು ಕಳ್ಳನದು.

ವಾರ ಕಳೆದಿಲ್ಲ, ರೇಡಿಯೋ ಅಂಗಡಿಗೆ ನುಗ್ಗಿದಳು.

"ಚಿಕ್ಕಮ್ಮ, ಈ ಮದುವೆ ಗಂಡಿಗೇನು ತಲೆ ಕೆಟ್ಟಿದೆಯಾ? ತೊಂಬತ್ತಾರನೇ ಪುಟದಲ್ಲಿ ಹುಡುಗಿ ಮುಂದೆ ಕೂತು 'ನಿಮಗೊಂದು ವಿಷಯ ಹೇಳಬೇಕು' ಅಂದ. ಪುಟ ತಿರುಗಿಸಿದ್ರೆ ಬಾಯಲ್ಲಿ ವಜ್ರದ ಸರ ಕಚ್ಚಿಕೊಂಡು ಪೈಪ್ ಹಿಡಿದು ಮೂರನೇ ಮಹಡಿಯಿಂದ ಇಳೀತಾ ಇದ್ದಾನೆ! ನಾನು ಅಂದ್ಕೊಂಡೆ, ಓಹೋ, ಇದೇ ಆ ವಿಷಯ, ಇವನು ಕಳ್ಳ ಅಂತ. ಎದೆ ಡವಡವ. ನೂರ ಹದಿಮೂರಕ್ಕೆ ಬಂದ್ರೆ ಎಲ್ಲರೂ ಕೂತು ಟೀ ಕುಡೀತಾ ಇದ್ದಾರೆ! ಪೈಪೂ ಇಲ್ಲ, ಸರಾನೂ ಇಲ್ಲ!"

ಮೂಲೆಯಲ್ಲಿ ತನ್ನ ರೆಕಾರ್ಡ್ ಪುಸ್ತಕಕ್ಕೆ ಕಾಯುತ್ತಿದ್ದ ಗೋಲಿ ಎದ್ದು ನಿಂತ. "ಆ ಕಳ್ಳ ನನ್ನವನು ಕಣೇ! ನನ್ನ ಪುಸ್ತಕದಲ್ಲಿ ಪೊಲೀಸ್ರು ಬಾಗಿಲು ಒಡೀತಾ ಇದ್ರು. ಪುಟ ತಿರುಗಿಸಿದ್ರೆ ಯಾರೋ ಅತ್ತೆ, ಸೊಸೆಗೆ ಯಾವ ಬಣ್ಣದ ಸೀರೆ ತರೋದು ಅಂತ ಹದಿನಾರು ಪುಟ ಜಗಳ ಆಡ್ತಾಳೆ. ಕಳ್ಳ ವೇಷ ಹಾಕ್ಕೊಂಡು ಮದುವೆ ಮನೆ ಸೇರಿರಬೇಕು ಅಂತ, ಆ ಅತ್ತೆ ಮೇಲೇ ಅನುಮಾನ ಇಟ್ಕೊಂಡು ಓದ್ದೆ!"

ನಾನು ಬಿದ್ದು ಬಿದ್ದು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಎರಡು ಪುಸ್ತಕವನ್ನೂ ಇಸಿದುಕೊಂಡು ತೊಂಬತ್ತೇಳನೇ ಪುಟ ತೆಗೆದು ನೋಡಿದಳು. ಏಳನೇ ಫಾರಂ ಅದಲುಬದಲಾಗಿತ್ತು. ಎರಡರಲ್ಲೂ ಪುಟಸಂಖ್ಯೆ ಸರಿಯಾಗೇ ಇತ್ತು, ಕಥೆ ಮಾತ್ರ ಬೇರೆ. ಆ ಸಂಜೆ, ಮೂವತ್ತು ವರ್ಷದಲ್ಲಿ ಮೊದಲ ಸಲ, ಅವಳು ಎರಡು ಸಾಲು ಓದದೆ ಬರೀ ಸಂಖ್ಯೆ ನೋಡಿ ಹೊಲಿದಿದ್ದಳು.

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು," ಎಂದು ಹಣೆ ಚಚ್ಚಿಕೊಂಡಳು. "ಕೊಡ್ರೋ ಇಲ್ಲಿ, ಈಗಲೇ ಬಿಚ್ಚಿ ಸರಿ ಮಾಡ್ತೀನಿ."

ಆದರೆ ಅವರು ಕೊಡಬೇಕಲ್ಲ! ರೇಡಿಯೋಗೆ ಕಳ್ಳ ಸಿಕ್ಕಿಬಿದ್ದನೋ ಇಲ್ಲವೋ ಈಗಲೇ ಗೊತ್ತಾಗಬೇಕು. ಗೋಲಿಗೆ, ಹೇಳಿಕೊಳ್ಳಲು ನಾಚಿಕೆಯಾದರೂ, ಸೀರೆಯ ಬಣ್ಣ ಕೊನೆಗೆ ಯಾವುದಾಯಿತು ಎಂದು ತಿಳಿಯಬೇಕು. ಪುಸ್ತಕ ಬದಲಾಯಿಸಿಕೊಂಡು ಇಬ್ಬರೂ ಓಡಿದರು.

ರೇಡಿಯೋ ಕೈಗೆ ಸುದ್ದಿ ಸಿಕ್ಕ ಮೇಲೆ ಕೇಳಬೇಕೇ? ಮರುದಿನ ಊಟದ ಬಿಡುವಿನ ಹೊತ್ತಿಗೆ ಎರಡು ಪುಸ್ತಕ ಹತ್ತಾಗಿತ್ತು, ಸಂಜೆಗೆ ಇಡೀ ಬೀರು. 'ಹದಿನೇಳನೇ ಪುಟದ ಚಿಕ್ಕಮ್ಮ ಬೇಕೂ ಅಂತಲೇ ಎಲ್ಲ ಪುಸ್ತಕದಲ್ಲೂ ಕಥೆ ಬೆರೆಸಿಟ್ಟಿದ್ದಾಳೆ, ಕಂಡುಹಿಡಿದವರೇ ಜಾಣರು!' ಇದರಲ್ಲೊಂದು ಮಜಾ ಇತ್ತು. ಪುಟಸಂಖ್ಯೆ ನೋಡಿ ಕಂಡುಹಿಡಿಯಲಾಗುವುದಿಲ್ಲ. ಮೊದಲಿನಿಂದ ಓದಿ ಕಥೆ ಗೊತ್ತಿದ್ದರಷ್ಟೇ ಕಥೆ ಹಳಿ ತಪ್ಪಿದ್ದು ತಿಳಿಯುವುದು. ನನ್ನ ರಿಜಿಸ್ಟರ್ ಮುಂದೆ ಸಾಲು ನಿಂತಿತು. ಎಂಟನೇ ತರಗತಿಯ ಒಬ್ಬಳು ಒಂದು ಪುಸ್ತಕವನ್ನು ಎರಡು ಸಲ ಓದಿ, "ಅಕ್ಕ, ಇದರಲ್ಲಿ ನಾಯಿ ಸತ್ತೇಬಿಡುತ್ತಲ್ಲ, ಅದು ಖಂಡಿತ ಬೇರೆ ಪುಸ್ತಕದ ಫಾರಂ ಅಲ್ವಾ?" ಎಂದು ಕಣ್ಣೊರೆಸಿಕೊಂಡು ಕೇಳಿದಳು. ಅಲ್ಲ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಚಿಕ್ಕಮ್ಮನ ಕಥೆ ಬೇರೆ. ವಾಪಸ್ಸು ಬಂದ ಪುಸ್ತಕಗಳನ್ನೂ ಬೀರುವಿನಲ್ಲಿದ್ದವನ್ನೂ ತರಿಸಿಕೊಂಡು ಮೇಲ್ಪುಟದ ಎರಡೆರಡು ಸಾಲು ಓದಿ ನೋಡಿದಳು. ಮೂರು ವಾರದಲ್ಲಿ ಖಾತ್ರಿಯಾಯಿತು, ತಪ್ಪಿದ್ದು ಆ ಎರಡೇ. ಆದರೆ ಅಷ್ಟರಲ್ಲಿ ಗಾಳಿಮಾತು ಶಾಲೆಯ ಗೇಟು ದಾಟಿತ್ತು. ವರ್ಷಕ್ಕೆ ಐವತ್ತು ಕಾನೂನು ಪುಸ್ತಕ ಕೊಡುತ್ತಿದ್ದ ವಕೀಲರ ಗುಮಾಸ್ತರು ಬಂದು, "ನಮ್ಮ ಕಡತದಲ್ಲಿ ಕಳ್ಳರು ಈಗಾಗಲೇ ಬೇಕಾದಷ್ಟಿದ್ದಾರೆ ತಾಯಿ, ನೀವು ಬೇರೆ ಸೇರಿಸಬೇಡಿ," ಎಂದು ಕಟ್ಟು ವಾಪಸ್ಸು ಒಯ್ದರು. ಅವರು ತಮಾಷೆಗೆ ಅಂದದ್ದು. ಚಿಕ್ಕಮ್ಮನಿಗೆ ಅದು ಎದೆಗೆ ಚುಚ್ಚಿತು. ಆ ದಿನ ಅವಳು ಯಾರನ್ನೂ ಬೈಯಲಿಲ್ಲ, ಸೈಕಲ್ ಅಂಗಡಿಯವರು ಎರಡು ಸಲ ಬಂದು ಇಣುಕಿ, "ಹುಷಾರಾಗಿದ್ದೀಯ ತಾನೇ?" ಎಂದು ಕೇಳಿ ಹೋದರು.

ಅದೇ ವಾರ ಹೆಡ್ಮಾಸ್ಟರೂ ಬಂದರು. "ಏನಮ್ಮಾ, ಎಲ್ಲಾ ಪುಸ್ತಕ ತಪ್ಪಾಗಿ ಕಟ್ಟಿದ್ದೀರಂತೆ? ಎಷ್ಟು ಕೆಟ್ಟಿವೆ, ಸರಿಯಾಗಿ ಹೇಳಿ."

ನಾನು ಚಿಕ್ಕಮ್ಮನ ಮುಖ ನೋಡಿದೆ. ಎರಡೇ ಸಾರ್ ಎಂದುಬಿಟ್ಟರೆ ಅವಳ ಹೆಸರು ಉಳಿಯುತ್ತದೆ. ಹುಡುಕಾಟವೂ ಅವತ್ತೇ ನಿಲ್ಲುತ್ತದೆ. ಬೀರುವಿನಲ್ಲಿ ಇನ್ನೂ ಎಪ್ಪತ್ತು ಪುಸ್ತಕ ಕೂತಿದ್ದವು, ಪರೀಕ್ಷೆಗೆ ಉಳಿದದ್ದು ಒಂದೂವರೆ ತಿಂಗಳು.

ಚಿಕ್ಕಮ್ಮ ದಬ್ಬಣಕ್ಕೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದಳು: "ನಾನು ಹೇಗೆ ಹೇಳ್ಲಿ ಸಾರ್? ಓದಿದವರನ್ನೇ ಕೇಳಬೇಕು."

ಅವರು ಹೋದ ಮೇಲೆ ನಾನು ಕುದಿದುಹೋದೆ. "ನಿಜ ಹೇಳೋಕೇನಾಗಿತ್ತು? ಮೂವತ್ತು ವರ್ಷದ ಹೆಸರು ಚಿಕ್ಕಮ್ಮ!"

"ಹೆಸರು ಹರಿದ್ರೆ ಮತ್ತೆ ಹೊಲ್ಕೋಬಹುದು," ಎಂದಳು. "ರದ್ದಿಗೆ ಹೋದ ಪುಸ್ತಕ ಯಾರು ಹೊಲೀತಾರೆ? ನೀನು ಎಲ್ಲಾದ್ರೂ ಬಾಯಿ ಬಿಟ್ಟೆಯೋ, ನಿನ್ನ ಬೆನ್ನಿಗೂ ಇದೇ ದಬ್ಬಣ."

ನಾನು ಬಾಯಿ ಬಿಡಲಿಲ್ಲ. ಆ ಒಂದೂವರೆ ತಿಂಗಳು ಅವಳ ಅಂಗಡಿಗೆ ದೊಡ್ಡವರು ಬಂದದ್ದು ಕಡಿಮೆ. ಮಕ್ಕಳು ಮಾತ್ರ ಸಂಜೆಯಾದರೆ ಸೈಕಲ್ ಅಂಗಡಿಯ ಕಟ್ಟೆಯವರೆಗೂ ತುಂಬಿರುತ್ತಿದ್ದರು. ಹದಿನೇಳರಿಂದ ಮೂವತ್ತಮೂರಕ್ಕೆ ಒಬ್ಬರು, ಅಲ್ಲಿಂದ ನಲವತ್ತೊಂಬತ್ತಕ್ಕೆ ಇನ್ನೊಬ್ಬರು, ಹೀಗೆ ಕಥೆಯ ಸಂದುಗಳನ್ನೆಲ್ಲ ಅವಳಿಗೆ ತುಂಬಿಸಿಕೊಡುತ್ತಿದ್ದರು. ಬಾವಿಗೆ ಬಿದ್ದ ಮಾವ ಮೀಸೆಗೆ ಯಾಕೆ ಬಣ್ಣ ಹಚ್ಚಿದ ಎಂಬುದು ಹನ್ನೆರಡು ವರ್ಷದ ಮೇಲೆ ಅವಳಿಗೆ ಗೊತ್ತಾಯಿತು. ಕಾರಣ ಕೇಳಿ ನಗು ತಡೆಯಲಾರದೆ ಅಂಟಿನ ಡಬ್ಬಿಯನ್ನೇ ಉರುಳಿಸಿದಳು.

ಪರೀಕ್ಷೆ ಮುಗಿಯಿತು. ಆ ಮಧ್ಯಾಹ್ನ ರದ್ದಿ ಅಂಗಡಿಯವರು ತಳ್ಳುಗಾಡಿ, ತಕ್ಕಡಿ, ಆರು ಗೋಣಿಚೀಲ ಸಮೇತ ಬಂದರು. ಕೊನೆಯ ಪರೀಕ್ಷೆ ಬರೆದ ಮಕ್ಕಳು ಮನೆಗೆ ಹೋಗದೆ ಹೆಡ್ಮಾಸ್ಟರ ಕೋಣೆಯ ಬಾಗಿಲಲ್ಲಿ, ಕಿಟಕಿಯಲ್ಲಿ ಜೋತುಬಿದ್ದಿದ್ದರು. ಚಿಕ್ಕಮ್ಮ ಸೆರಗಿನ ತುದಿ ಹಿಡಿದು ಹೊಸಕುತ್ತಾ ಗೋಡೆಗೆ ಒರಗಿ ನಿಂತಿದ್ದಳು. ಬೀರುವಿನಲ್ಲಿ ಎಷ್ಟಿವೆ ಎಂದು ನನಗೆ ಗೊತ್ತಿತ್ತು, ಆದರೂ ಹೆಡ್ಮಾಸ್ಟರ ಕೈಲಿದ್ದ ಬೀಗದಕೈಯನ್ನೇ ನೋಡುತ್ತಾ ನಿಂತಿದ್ದೆ.

ಹೆಡ್ಮಾಸ್ಟರು ಬೀಗ ತೆಗೆದರು. ಒಳಗೆ ಒಂದು ಹಳೇ ರಸಾಯನಶಾಸ್ತ್ರದ ಗೈಡು, ಒಂದು ಜಿರಳೆ.

"ಇದಕ್ಕೆ ಗಾಡಿ ತಳ್ಕೊಂಡು ಬಂದೆನಾ?" ಎಂದು ರದ್ದಿಯವರು ಗೈಡನ್ನು ತಕ್ಕಡಿಗೆ ಹಾಕಿದರು. ಮುಳ್ಳು ಅಲುಗಿತೋ ಇಲ್ಲವೋ. ಮಕ್ಕಳು ಹೋ ಎಂದು ಕಿರುಚಿದ್ದಕ್ಕೆ ಸೂರಿನ ಪಾರಿವಾಳಗಳೆಲ್ಲ ಹಾರಿದವು. ಹೆಡ್ಮಾಸ್ಟರು ಸೋತ ಮುಖ ಮಾಡಲು ನೋಡಿ ನಕ್ಕುಬಿಟ್ಟರು. ರಜೆ ಮುಗಿದ ಮೇಲೆ ಕಟ್ಟಬೇಕಾದ ಹಾಜರಿ ಪುಸ್ತಕಗಳ ಹಾಳೆಗಳನ್ನು ಮೇಜಿನಿಂದ ಎತ್ತಿ ಚಿಕ್ಕಮ್ಮನ ಕೈಗೇ ಕೊಟ್ಟು ಕೇಳಿದರು: "ಈಗಲಾದ್ರೂ ಹೇಳಿಬಿಡಿ. ಒಟ್ಟು ಎಷ್ಟು ಪುಸ್ತಕ ತಪ್ಪಿತ್ತು?"

ಚಿಕ್ಕಮ್ಮ ಮಕ್ಕಳ ಕಡೆ ತಿರುಗಿ ಕೈ ಜೋಡಿಸಿದಳು. "ಎರಡೇ ಸಾರ್. ಅದೂ ಕೈತಪ್ಪಿ ಆಗಿದ್ದು. ಮಿಕ್ಕಿದ್ದೆಲ್ಲ ನೆಟ್ಟಗಿತ್ತು. ಮಕ್ಕಳೇ, ಗೊತ್ತಿದ್ದೂ ನಿಮಗೆ ಹೇಳಲಿಲ್ಲ. ಇಲ್ಲದ್ದನ್ನ ಇಷ್ಟು ದಿನ ಹುಡುಕಿಸಿಬಿಟ್ಟೆ. ತಪ್ಪಾಯ್ತು."

ಗೋಲಿ ರೇಡಿಯೋ ಮುಖ ನೋಡಿದ, ರೇಡಿಯೋ ಗೋಲಿಯ ಮುಖ ನೋಡಿದಳು.

"ಅದು ನಮಗೆ ಯಾವತ್ತೋ ಗೊತ್ತಾಯ್ತಲ್ಲ ಚಿಕ್ಕಮ್ಮ," ಎಂದ ಗೋಲಿ. "ಇಪ್ಪತ್ತು ಮೂವತ್ತು ಪುಸ್ತಕ ಓದಿ ಆದ ಮೇಲೆ ಎಲ್ಲರೂ ಕೂತು ಮಾತಾಡ್ಕೊಂಡ್ವಿ. ಎಲ್ಲೂ ತಪ್ಪಿಲ್ಲ."

"ಮತ್ತೆ ಯಾಕ್ರೋ ಹೇಳಲಿಲ್ಲ?"

ಮೊದಲ ಸಲ ರೇಡಿಯೋ ಮಾತಿಗೆ ತಡವರಿಸಿದಳು. "ಹೇಗೆ ಹೇಳೋದು? ನಾವು ಓದ್ಲಿ ಅಂತ ನೀವು ಪಾಪ ಅಷ್ಟು ಕಷ್ಟಪಟ್ಟು ಒಂದು ತಪ್ಪು ಮಾಡಿದ್ರಿ. ಹುಡುಕೋದು ನಿಲ್ಲಿಸಿದ್ವಿ, ಸುಮ್ಮನೆ ಓದ್ತಾ ಇದ್ದೀವಿ ಅಂದ್ರೆ ನಿಮಗೆ ಬೇಜಾರಾಗಲ್ವಾ?"

ಯಾರಿಗೂ ಮಾತಿನಲ್ಲಿ ಸೋಲದ ಚಿಕ್ಕಮ್ಮ ಹಾಜರಿ ಹಾಳೆಗಳನ್ನು ಎದೆಗೆ ಅವಚಿಕೊಂಡು ಅಲ್ಲೇ ಖಾಲಿ ಬೀರುವಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು, ಮಕ್ಕಳೆಲ್ಲ ಅವಳ ಸುತ್ತ ಮುತ್ತಿಕೊಂಡರು.